ಹಳೇ ಕ್ಯಾಮೆರಾ ಜೊತೆ ಸಿಗುವ ಆ ಸಣ್ಣ ಕಿಂಡಿಯನ್ನ ಗುಜರಿಗೆ ಹಾಕ್ಬೇಡಿ, ಬಳಸೋದು ಹೀಗೆ

ರಾಜೀವನಗರ (ಮೈಸೂರು): ಬೀರು ಖಾಲಿ ಮಾಡುವಾಗ, ಅಟ್ಟ ಕ್ಲೀನ್ ಮಾಡುವಾಗ ಅಪ್ಪನದೋ ತಾತನದೋ ರೀಲ್ ಕ್ಯಾಮೆರಾ ಸಿಗುವುದು ಹೊಸದೇನಲ್ಲ. ಕೆಲವು ಸಲ ಅದರ ಚರ್ಮದ ಕೇಸ್ ಜೊತೆಗೆ ಬೆಂಕಿಪೊಟ್ಟಣದಷ್ಟೇ ಇರುವ, ಎರಡೂ ಕಡೆ ಗಾಜು ಕೂರಿಸಿದ ಲೋಹದ ತುಂಡೊಂದು ಇರುತ್ತೆ. ಏನೋ ಬಿಡಿಭಾಗ ಇರಬೇಕು ಅಂತ ಅದನ್ನು ಗುಜರಿ ಚೀಲಕ್ಕೆ ಹಾಕುವವರೇ ಜಾಸ್ತಿ. ಆದರೆ ಅದು ಕ್ಯಾಮೆರಾದ ಎರಡನೇ ಕಣ್ಣು. ಹೆಸರು ಎಕ್ಸ್‌ಟ್ರಾ ವ್ಯೂಫೈಂಡರ್. ಅದು ಕಳೆದುಹೋದರೆ ಜೊತೆಗಿರುವ ಲೆನ್ಸ್ ಇದ್ದೂ ಇಲ್ಲದಂತೆ.

ಈಗ ರೀಲ್ ಕ್ಯಾಮೆರಾ ಹಿಡಿಯುವ ಹುಡುಗರು ಮತ್ತೆ ಕಾಣಿಸ್ತಿದ್ದಾರೆ. ಒಂದು ರೀಲಿಗೆ ನೂರಾರು ರೂಪಾಯಿ, ತೊಳೆಸೋ ಖರ್ಚು ಬೇರೆ. ಸಿಗೋದು 36 ಫೋಟೋ ಮಾತ್ರ. ಹಾಗಾಗಿ ಈ ಕಿಂಡಿಯಲ್ಲಿ ನೋಡೋದು ಹೇಗೆ ಅಂತ ಮೊದಲೇ ತಿಳಿದುಕೊಂಡರೆ ದುಡ್ಡು ಉಳಿಯುತ್ತೆ.

ಇದು ಯಾಕೆ ಬೇಕು?

ಮೊಬೈಲ್‌ನಲ್ಲಿ ಸ್ಕ್ರೀನ್ ಮೇಲೆ ಕಂಡದ್ದೇ ಫೋಟೋ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲೂ ಒಳಗಿನ ಕನ್ನಡಿಯಿಂದಾಗಿ ನಾವು ಲೆನ್ಸ್ ಮೂಲಕವೇ ನೋಡ್ತೀವಿ. ರೇಂಜ್‌ಫೈಂಡರ್ ಕ್ಯಾಮೆರಾ ಹಾಗಲ್ಲ. ನಾವು ನೋಡೋ ಕಿಂಡಿ ಬೇರೆ, ಫೋಟೋ ಹಿಡಿಯೋ ಲೆನ್ಸ್ ಬೇರೆ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಅವರ ಕಾಲದ ಪತ್ರಿಕಾ ಛಾಯಾಗ್ರಾಹಕರಿಗೆ ಫೋಟೋ ಸರಿ ಬಂತೋ ಇಲ್ಲವೋ ಗೊತ್ತಾಗುತ್ತಿದ್ದದ್ದು ರೀಲು ತೊಳೆದ ಮೇಲೆಯೇ. ಅದಕ್ಕೇ ಕಿಂಡಿ ತೋರಿಸೋದು ಸರಿ ಇರಲೇಬೇಕು.

ಕ್ಯಾಮೆರಾದಲ್ಲೇ ಇರುವ ಕಿಂಡಿ ಬಹಳ ಸಲ ಒಂದೇ ಲೆನ್ಸ್‌ಗೆ ಹೊಂದುವಂಥದ್ದು. ರಷ್ಯಾದ ಜೋರ್ಕಿ-4, ಹಳೇ ಲೈಕಾ 3 ಇವುಗಳ ಕಿಂಡಿ 50 ಎಂಎಂ ಲೆನ್ಸ್‌ಗೆ ಮಾತ್ರ. 1954ರಲ್ಲಿ ಬಂದ ಲೈಕಾ ಎಂ3ಯಲ್ಲಿ 50, 90, 135 ಎಂಎಂ ಚೌಕಟ್ಟುಗಳಿವೆ, 35ರದ್ದು ಇಲ್ಲ. ಯಾಶಿಕಾ ಎಲೆಕ್ಟ್ರೋ 35ರ 45 ಎಂಎಂ ಲೆನ್ಸ್ ಬಿಚ್ಚಲು ಬರಲ್ಲ, ಆದರೆ ಅದರ ಮುಂದೆ ತಿರುಗಿಸಿ ಹಾಕುವ ವೈಡ್ ಮತ್ತು ಟೆಲಿ ಲೆನ್ಸ್ ಸೆಟ್ ಬರುತ್ತಿತ್ತು. ಆ ಸೆಟ್ಟಿನಲ್ಲೇ ಮೇಲೆ ಸಿಕ್ಕಿಸುವ ವ್ಯೂಫೈಂಡರ್ ಕೂಡ ಇರುತ್ತಿತ್ತು.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ 3ಗೆ ಇದರ ಅಗತ್ಯ ಇಲ್ಲ. ಅದರಲ್ಲಿ ಲೆನ್ಸ್ ಬದಲಾಗೋದೇ ಇಲ್ಲ.

ಅಂಗಡಿ ಲೆಕ್ಕದಲ್ಲಿ ಹೇಳೋದಾದರೆ

ನಿಮ್ಮ ಅಂಗಡಿ 10 ಅಡಿ ಅಗಲ ಇದೆ ಅಂದುಕೊಳ್ಳಿ. ಅದರಿಂದ 10 ಅಡಿ ದೂರ ನಿಂತು ಕ್ಯಾಮೆರಾ ಅಡ್ಡ ಹಿಡಿದರೆ ರೀಲಿನಲ್ಲಿ ಬರುವ ಅಗಲ ಹೀಗಿರುತ್ತೆ:

- 28 ಎಂಎಂ: ಸುಮಾರು 13 ಅಡಿ. ಪಕ್ಕದ ಅಂಗಡಿಯೂ ಸ್ವಲ್ಪ ಬರುತ್ತೆ
- 35 ಎಂಎಂ: 10 ಅಡಿಗಿಂತ ತುಸು ಜಾಸ್ತಿ. ನಿಮ್ಮ ಅಂಗಡಿ ಪೂರ್ತಿ
- 50 ಎಂಎಂ: ಸುಮಾರು 7 ಅಡಿ
- 135 ಎಂಎಂ: 3 ಅಡಿಗೂ ಕಮ್ಮಿ. ಗಲ್ಲಾ ಮುಂದೆ ಕೂತವರು ಮಾತ್ರ

ಈಗ ಜೋರ್ಕಿಗೆ 35 ಎಂಎಂ ಲೆನ್ಸ್ ಹಾಕಿ ಅದರದೇ ಕಿಂಡಿಯಲ್ಲಿ ನೋಡಿದರೆ ಕಾಣೋದು 7 ಅಡಿ, ರೀಲಿಗೆ ಬೀಳೋದು 10 ಅಡಿ. ಬೇಡದ ಕರೆಂಟ್ ಕಂಬ, ನಿಂತ ಬೈಕು ಎಲ್ಲಾ ಒಳಗೆ ಬಂದುಬಿಡುತ್ತೆ. 135 ಹಾಕಿದರೆ ಉಲ್ಟಾ, ಬೇಕಾದದ್ದೇ ಹೊರಗೆ ಉಳಿಯುತ್ತೆ.

ಮೂರು ಬಗೆ

ಒಂದು, ಒಂದೇ ಲೆನ್ಸ್‌ಗೆ ಮಾಡಿದ್ದು. ಮೇಲೆ 3.5 ಸೆಂ.ಮೀ. ಅಥವಾ 35 ಅಂತ ಬರೆದಿರುತ್ತೆ, ಎರಡೂ ಒಂದೇ. ಕೆಲವುದರಲ್ಲಿ ಒಳಗೆ ಬೆಳ್ಳಗಿನ ಗೆರೆಯ ಚೌಕಟ್ಟು ಕಾಣುತ್ತೆ. ಎರಡು, ತಿರುಗಿಸುವಂಥದ್ದು. ರಷ್ಯಾದ ಫೈಂಡರ್‌ನಲ್ಲಿ ಮುಂದಿನ ಚಕ್ರ ತಿರುಗಿಸಿದರೆ 28, 35, 50, 85, 135 ಐದೂ ಸಿಗುತ್ತೆ. ಮೂರು, ಗಾಜೇ ಇಲ್ಲದ ತಂತಿ ಚೌಕಟ್ಟು. ಓಡೋ ಆಟಗಾರರ ಫೋಟೋಗೆ ಇದು ಅನುಕೂಲ, ಚೌಕಟ್ಟಿನ ಹೊರಗೂ ಯಾರು ಬರ್ತಿದ್ದಾರೆ ಅಂತ ಕಾಣುತ್ತೆ.

ಬಳಸೋದು ಹೇಗೆ?

1. ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರಿಸುವ ಜಾಗಕ್ಕೆ ಇದನ್ನು ಜಾರಿಸಿ. ಅಲ್ಲಾಡಬಾರದು. ಆ ಜಾಗದ ನಡುವೆ ಫ್ಲ್ಯಾಶ್‌ನ ಲೋಹದ ಚುಕ್ಕಿ ಇದ್ದರೆ, ಫೈಂಡರ್ ಕಾಲಿನ ಕೆಳಗೆ ತೆಳು ಟೇಪ್ ಅಂಟಿಸಿ.

2. ಫೈಂಡರ್ ನಂಬರೂ ಲೆನ್ಸ್ ನಂಬರೂ ಒಂದೇನಾ ನೋಡಿಕೊಳ್ಳಿ.

3. ಫೋಕಸ್ ಮಾತ್ರ ಕ್ಯಾಮೆರಾದ ಸ್ವಂತ ಕಿಂಡಿಯಲ್ಲೇ. ಮೇಲಿನದರಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತೆ, ಅದನ್ನು ನಂಬಿ ಮೋಸ ಹೋಗಬೇಡಿ. ಮೊದಲು ಫೋಕಸ್, ಆಮೇಲೆ ಕಣ್ಣು ಮೇಲಕ್ಕೆ, ಆಮೇಲೆ ಕ್ಲಿಕ್.

4. ಹತ್ತಿರದ ಫೋಟೋಗೆ ಕ್ಯಾಮೆರಾ ಎತ್ತಿ. ಮುಖ್ಯ ವಿಷಯ ಇದೇ.

ತಲೆ ಯಾಕೆ ಕಟ್ ಆಗುತ್ತೆ?

ಫೈಂಡರ್ ಲೆನ್ಸ್‌ಗಿಂತ ಎರಡೂವರೆ ಇಂಚು ಮೇಲಿದೆ ಅನ್ನಿ. ನೀವು ನೋಡಿದ್ದಕ್ಕಿಂತ ಎರಡೂವರೆ ಇಂಚು ಕೆಳಗಿನದನ್ನು ಲೆನ್ಸ್ ನೋಡುತ್ತೆ. 10 ಅಡಿ ದೂರದಲ್ಲಿ 50 ಎಂಎಂ ಲೆನ್ಸ್ ಹಿಡಿಯುವ ಎತ್ತರ ಸುಮಾರು 58 ಇಂಚು. ಅದರಲ್ಲಿ ಎರಡೂವರೆ ಹೋದರೆ ಗೊತ್ತೇ ಆಗಲ್ಲ. 3 ಅಡಿ ದೂರದಲ್ಲಿ ಎತ್ತರ 17 ಇಂಚು ಮಾತ್ರ. ಅಲ್ಲಿ ಏಳರಲ್ಲಿ ಒಂದು ಪಾಲು ಹೋಗುತ್ತೆ, ಅಂದರೆ ಟೋಪಿ, ಹೂವು, ಹಣೆ.

ಪರಿಹಾರ ಸುಲಭ. ಫೈಂಡರ್‌ನಲ್ಲಿ ಚೌಕಟ್ಟು ಹೊಂದಿಸಿಕೊಂಡು, ಕ್ಲಿಕ್ ಮಾಡುವ ಮೊದಲು ಕ್ಯಾಮೆರಾವನ್ನು ಅಷ್ಟೇ ಎರಡೂವರೆ ಇಂಚು ನೇರ ಮೇಲಕ್ಕೆ ಎತ್ತಿ. ಫೈಂಡರ್ ಇದ್ದ ಜಾಗಕ್ಕೆ ಲೆನ್ಸ್ ಬರುತ್ತೆ. ಕೆಲವು ಫೈಂಡರ್‌ಗಳ ಹಿಂದೆ ದೂರದ ಅಂಕಿಗಳಿರುವ ಸಣ್ಣ ಹಿಡಿಕೆ ಇರುತ್ತೆ. ಅದನ್ನು ತಿರುಗಿಸಿದರೆ ಫೈಂಡರೇ ಸ್ವಲ್ಪ ಬಾಗುತ್ತೆ. ಕ್ಯಾಮೆರಾ ಉದ್ದಕ್ಕೆ ಹಿಡಿದಾಗ ಈ ವ್ಯತ್ಯಾಸ ಪಕ್ಕಕ್ಕೆ ಆಗುತ್ತೆ, ಅದೂ ಗೊತ್ತಿರಲಿ.

ರೀಲ್ ಇಲ್ಲದೇ ಟೆಸ್ಟ್

ಹಿಂದಿನ ಮುಚ್ಚಳ ತೆರೆಯುವ ಕ್ಯಾಮೆರಾ ಆದರೆ, ರೀಲು ಕೂರುವ ಜಾಗಕ್ಕೆ ಬಟರ್ ಪೇಪರ್ ತುಂಡು ಒತ್ತಿ ಅಂಟಿಸಿ. ಶಟರ್ ಪರದೆಗೆ ಮಾತ್ರ ಬೆರಳು ತಗುಲಬಾರದು. ಶಟರ್ 'ಬಿ'ಯಲ್ಲಿಟ್ಟು ಬಟನ್ ಒತ್ತಿ ಹಿಡಿದರೆ ಪೇಪರ್ ಮೇಲೆ ಎದುರಿನ ದೃಶ್ಯ ತಲೆಕೆಳಗಾಗಿ ಕಾಣುತ್ತೆ. ಅಂಗಡಿ ಬೋರ್ಡ್ ಕಡೆ ತಿರುಗಿಸಿ, ಪೇಪರ್ ಮೇಲೆ ಎಷ್ಟು ಅಕ್ಷರ ಬಂತು, ಫೈಂಡರ್‌ನಲ್ಲಿ ಎಷ್ಟು ಕಾಣುತ್ತೆ ಹೋಲಿಸಿ. ಎರಡೂ ಹತ್ತಿರ ಹತ್ತಿರ ಇದ್ದರೆ ಫೈಂಡರ್ ಸರಿ ಇದೆ ಅಂತ ಅರ್ಥ.

ಮಾರುವವರಿಗೂ ಒಂದು ಮಾತು: ಕ್ಯಾಮೆರಾ, ಲೆನ್ಸ್, ಫೈಂಡರ್ ಬೇರೆ ಬೇರೆ ಮಾಡಬೇಡಿ. ಕೊಳ್ಳುವವರು ಫೈಂಡರನ್ನು ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂಥ ಗೆರೆ ಕಂಡರೆ ಅದು ಫಂಗಸ್. ಮನೆಯಲ್ಲಿ ಇಡೋದಾದರೆ ಚರ್ಮದ ಕೇಸ್‌ನಿಂದ ಹೊರಗೆ, ಗಾಳಿಯಾಡುವ ಒಣ ಜಾಗದಲ್ಲಿಡಿ.