ಕೋರ್ಟ್‌ಗೂ ಸಾಯದ ದೆವ್ವ, ಅಟ್ಟ ಸೇರಿದ ಹಾಡು

ಹಿಟ್ ಆಗಿದ್ದು ಉಳಿಯುತ್ತೆ, ಫ್ಲಾಪ್ ಆಗಿದ್ದು ಅಳಿಯುತ್ತೆ. ಟಿಆರ್‌ಪಿ ಲೆಕ್ಕದಲ್ಲೇ ಬದುಕುವ ನಮ್ಮಂಥ ಟಿವಿಯವರು ಇದನ್ನು ವೇದವಾಕ್ಯ ಅಂತ ನಂಬಿರ್ತೀವಿ. ಇವತ್ತು ನಾನು ಹೇಳಹೊರಟಿರುವ ಮೂರು ಕಥೆಗಳು ಆ ಮಾತನ್ನು ತಲೆಕೆಳಗು ಮಾಡುತ್ತವೆ. ಎರಡು ದೆವ್ವದ ಸಿನಿಮಾ, ಒಂದು ಕಿವಿಗಡಚಿಕ್ಕುವ ಪಂಕ್ ಸಂಗೀತದ ತಂಡ. ‘ಇದೆಲ್ಲಾ ನಮಗ್ಯಾಕೆ ಸ್ವಾಮಿ?’ ಅಂತ ಚಾನೆಲ್ ಬದಲಿಸಬೇಡಿ. ಕೊನೆಗೆ ವಿಷಯ ನಮ್ಮ ಮನೆಗೇ ಬರುತ್ತೆ.

ಮೊದಲನೆಯದು 1922ರ ಜರ್ಮನಿಯದು. ಎಫ್. ಡಬ್ಲ್ಯು. ಮುರ್ನೌ ಎಂಬ ನಿರ್ದೇಶಕ ‘ನೊಸ್ಫೆರಾಟು’ ಅನ್ನೋ ಮೂಕಿ ಚಿತ್ರ ತೆಗೆದ. ಕಥೆ ಬ್ರಾಂ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯದ್ದೇ. ಹಕ್ಕು ಮಾತ್ರ ಖರೀದಿಸಿರಲಿಲ್ಲ. ಡ್ರಾಕುಲಾನನ್ನು ಕೌಂಟ್ ಓರ್ಲಾಕ್ ಮಾಡಿ, ಹೆಸರುಗಳನ್ನು ಬದಲಿಸಿಬಿಟ್ಟಿದ್ದರು, ಅಷ್ಟೇ. ಸ್ಟೋಕರ್ 1912ರಲ್ಲೇ ತೀರಿಕೊಂಡಿದ್ದ. ಆದರೆ ಪತ್ನಿ ಫ್ಲಾರೆನ್ಸ್ ಬಿಡ್ತಾರಾ? ಕೋರ್ಟ್ ಮೆಟ್ಟಿಲು ಹತ್ತಿದರು. ನಿರ್ಮಾಣ ಸಂಸ್ಥೆ ದಿವಾಳಿ ಎದ್ದಿತ್ತು. 1925ರಲ್ಲಿ ಜರ್ಮನ್ ಕೋರ್ಟ್ ಏನಂತ ಆದೇಶ ಕೊಟ್ಟಿತು ಗೊತ್ತಾ? ಚಿತ್ರದ ಅಷ್ಟೂ ಪ್ರಿಂಟು, ನೆಗೆಟಿವ್‌ಗಳನ್ನು ನಾಶ ಮಾಡಿ ಅಂತ!

ನ್ಯಾಯವಾಗಿ ನೋಡಿದರೆ ಆ ತಾಯಿ ಮಾಡಿದ್ದು ತಪ್ಪಲ್ಲ. ಗಂಡನ ಪುಸ್ತಕವನ್ನು ಬೇರೆಯವರು ಕೇಳದೆ ಎತ್ತಿಕೊಂಡರೆ ಯಾರು ಸುಮ್ಮನಿರ್ತಾರೆ? ಆದರೆ ಅಷ್ಟೊತ್ತಿಗೆ ಕೆಲವು ಪ್ರಿಂಟುಗಳು ಗಡಿ ದಾಟಿಹೋಗಿದ್ದವು. ಯಾರೋ ಇಟ್ಟುಕೊಂಡರು, ಯಾರೋ ತೋರಿಸಿದರು, ಚಿತ್ರ ಉಳಿಯಿತು. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತೆ ಅಂತ ಇವತ್ತು ಮಕ್ಕಳಿಗೂ ಗೊತ್ತಲ್ವಾ? ಅದು ಸ್ಟೋಕರ್ ಬರೆದದ್ದಲ್ಲ. ಅವನ ಡ್ರಾಕುಲಾ ಹಗಲಲ್ಲೂ ಓಡಾಡ್ತಾನೆ. ಬಿಸಿಲಿಗೆ ಸಾಯುವ ಪಿಶಾಚಿಯನ್ನು ಲೋಕಕ್ಕೆ ಕೊಟ್ಟದ್ದು, ಕೋರ್ಟೇ ಅಳಿಸಿಹಾಕಿ ಅಂದ ಈ ಸಿನಿಮಾ.

ಎರಡನೆಯದು 1968ರ ಅಮೆರಿಕ. ಪಿಟ್ಸ್‌ಬರ್ಗ್‌ನ ಜಾರ್ಜ್ ರೊಮೆರೊ ಗೆಳೆಯರ ಜೊತೆ ಸೇರಿ ಅಗ್ಗದಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ಮಾಡಿದ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಹೆಣಗಳು ಎದ್ದು ಬಂದು ಬದುಕಿರುವವರನ್ನು ತಿನ್ನುವ ಕಥೆ. ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್! ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷ ಅದು. ಆ ವರ್ಷದಲ್ಲಿ ಈ ಚಿತ್ರದ ನಾಯಕ ಡುವೇನ್ ಜೋನ್ಸ್ ಎಂಬ ಕಪ್ಪು ನಟ.

ಇಲ್ಲೊಂದು ಎಡವಟ್ಟಾಯ್ತು. ಚಿತ್ರಕ್ಕೆ ಮೊದಲು ಬೇರೆ ಹೆಸರಿತ್ತು. ವಿತರಕರು ಹೆಸರು ಬದಲಿಸುವಾಗ, ಹಳೇ ಶೀರ್ಷಿಕೆಯ ಜೊತೆ ಇದ್ದ ಕಾಪಿರೈಟ್ ಸೂಚನೆಯನ್ನೂ ಕೈಬಿಟ್ಟರು. ಆಗಿನ ಅಮೆರಿಕದ ಕಾನೂನಿನಂತೆ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಚಿತ್ರ ಊರವರ ಸ್ವತ್ತಾಯಿತು. ಟಿವಿಯವರು ಪುಕ್ಕಟೆ ಹಾಕಿದರು, ಕ್ಯಾಸೆಟ್‌ನವರು ಪುಕ್ಕಟೆ ಮಾರಿದರು. ಮಾಡಿದವರ ಜೇಬಿಗೆ ಸೇರಬೇಕಾದ ದೊಡ್ಡ ದುಡ್ಡು ಹಾಗೇ ಹೋಯ್ತು. ಆದರೆ ಇವತ್ತು ಜಗತ್ತಿನಲ್ಲಿ ಬರುವ ಅಷ್ಟೂ ಜೋಂಬಿ ಸಿನಿಮಾಗಳಿಗೆ ಮೂಲಪುರುಷ ಅದೇ. ಹಂಚಿಕೆಗೂ ಒಂದು ಬೆಲೆ ಇದೆ, ಅದನ್ನು ತೆತ್ತವನು ಕಲಾವಿದ. ಇದನ್ನು ಮರೆಯಬಾರದು.

ಇನ್ನು ಮೂರನೆಯದು, ನನಗೆ ತುಂಬಾ ಇಷ್ಟವಾದದ್ದು. ಪಂಕ್ ಅಂದ್ರೆ ಏನು? ಗಿಟಾರ್, ಡ್ರಮ್ಸ್, ಅದರ ಮೇಲೆ ಸಿಟ್ಟು. ಪುಟ್ಟ ಹಾಡು, ವಿಪರೀತ ವೇಗ, ನಯ-ನಾಜೂಕಿನ ಹಂಗಿಲ್ಲ. ರಮೋನ್ಸ್ ತಂಡದ ಮೊದಲ ಆಲ್ಬಂ ಬಂದಿದ್ದು 1976ರಲ್ಲಿ. ಪಂಕ್‌ನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಆ ಸುತ್ತಿನಿಂದಲೇ ಶುರು ಮಾಡ್ತಾರೆ. ಆದರೆ 1975ರಲ್ಲೇ ಡೆಟ್ರಾಯಿಟ್‌ನಲ್ಲಿ ಮೂವರು ಕಪ್ಪು ಅಣ್ಣತಮ್ಮಂದಿರು ಅಂಥದೇ ಸಂಗೀತವನ್ನು ಟೇಪ್ ಮಾಡಿಟ್ಟಿದ್ದರು. ಡೇವಿಡ್, ಬಾಬಿ ಮತ್ತು ಡ್ಯಾನಿಸ್ ಹ್ಯಾಕ್ನಿ.

ಅಪ್ಪ ಅಪಘಾತದಲ್ಲಿ ತೀರಿಕೊಂಡ ಮೇಲೆ ಡೇವಿಡ್ ತಂಡಕ್ಕಿಟ್ಟ ಹೆಸರು ‘ಡೆತ್’. ಸಾವು! ದೊಡ್ಡ ರೆಕಾರ್ಡ್ ಕಂಪನಿಯ ಯಜಮಾನ ಕ್ಲೈವ್ ಡೇವಿಸ್ ಆಸಕ್ತಿ ತೋರಿಸಿದ, ಹೆಸರು ಬದಲಿಸಿ ಅಂದ. ಡೇವಿಡ್ ಒಪ್ಪಲಿಲ್ಲ. ಒಪ್ಪಂದ ಮುರಿದುಬಿತ್ತು ಅಂತ ತಮ್ಮಂದಿರೇ ಹೇಳಿದ್ದಾರೆ. 1976ರಲ್ಲಿ ಸ್ವಂತ ದುಡ್ಡಲ್ಲಿ 500 ಪ್ರತಿ ಹೊರತಂದರು. ಕೇಳೋರಿಲ್ಲ. ತಂಡ ಚದುರಿತು. ಡೇವಿಡ್ ಮಾತ್ರ, ಇದನ್ನು ಒಂದು ದಿನ ಜಗತ್ತು ಹುಡುಕಿಕೊಂಡು ಬರುತ್ತೆ, ಜೋಪಾನ ಅಂತ ತಮ್ಮನ ಕೈಗೆ ಟೇಪುಗಳನ್ನು ಕೊಟ್ಟು, 2000ದಲ್ಲಿ ಕ್ಯಾನ್ಸರ್‌ಗೆ ಬಲಿಯಾದ. ಟೇಪುಗಳು ಬಾಬಿ ಮನೆಯ ಅಟ್ಟ ಸೇರಿದವು.

ಆಮೇಲೆ ಹಳೇ ಡಿಸ್ಕ್ ಹುಡುಕುವ ಹುಚ್ಚರ ಕೈಗೆ ಆ 500ರಲ್ಲಿ ಒಂದೆರಡು ಸಿಕ್ಕವು. ಹಾಡು ಹರಿದಾಡಿತು. ಎಲ್ಲೋ ಒಂದು ಪಾರ್ಟಿಯಲ್ಲಿ ಬಾಬಿಯ ಮಗ ಅದನ್ನು ಕೇಳಿದ. ‘ಅರೆ, ಇದು ನಮ್ಮಪ್ಪನ ದನಿ!’ ಮಕ್ಕಳಿಗೆ ಅಪ್ಪ ಈ ವಿಷಯ ಹೇಳಿಯೇ ಇರಲಿಲ್ಲ. 2009ರಲ್ಲಿ ಆಲ್ಬಂ ಬಂತು, 34 ವರ್ಷ ತಡವಾಗಿ. ಹಟ ಹಿಡಿದ ಅಣ್ಣ ಮಾತ್ರ ಇರಲಿಲ್ಲ.

ಮೂರೂ ಕಥೆಯಲ್ಲಿ ಒಂದು ಸಂಗತಿ ಗಮನಿಸಿ. ಉಳಿಸಿದ್ದು ಮಾರುಕಟ್ಟೆ ಅಲ್ಲ, ಸರ್ಕಾರ ಅಲ್ಲ. ಇಟ್ಟುಕೊಂಡ ಒಬ್ಬ, ‘ಇದನ್ನು ನೋಡು, ಇದನ್ನು ಕೇಳು’ ಅಂತ ದಾಟಿಸಿದ ಇನ್ನೊಬ್ಬ.

ಈಗ ನಮ್ಮ ಮನೆಗೆ ಬನ್ನಿ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲ ಟಾಕಿ. ಅದರ ಒಂದೇ ಒಂದು ಪ್ರಿಂಟ್ ಇವತ್ತು ನಮ್ಮ ಬಳಿ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಧಗ್ಗನೆ ಉರಿಯುವಂಥದ್ದು. ಅದರಲ್ಲಿರುವ ಬೆಳ್ಳಿಗಾಗಿ ಹಳೇ ರೀಲುಗಳನ್ನು ಕರಗಿಸುತ್ತಿದ್ದ ಕಾಲ ಅದು. ಅದಕ್ಕೆ ನಾಶ ಮಾಡಿ ಅಂತ ಯಾವ ಕೋರ್ಟೂ ಹೇಳಿರಲಿಲ್ಲ. ಆದರೂ ಹೋಯಿತು. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ್ದು ಹೇಗಿತ್ತು ಅಂತ ನಾವು ಇನ್ನು ಕೇಳುವಂತಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಕ್ಯಾಸೆಟ್‌ಗಳಿರಬಹುದು. ಊರ ನಾಟಕದ ರಂಗಗೀತೆ, ತಾಳಮದ್ದಲೆ, ಅಜ್ಜಿಯ ಸೋಬಾನೆ ಪದ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತೆ. ಗುಜರಿಯವನಿಗೆ ಹಾಕುವ ಮುಂಚೆ ಒಮ್ಮೆ ಕೇಳಿ, ಕಂಪ್ಯೂಟರಿಗೆ ಇಳಿಸಿ, ನಾಲ್ಕು ಜನರಿಗೆ ಕೊಡಿ. ಇನ್ನೊಂದು ಪ್ರತಿ ಎಲ್ಲೋ ಇದ್ದೇ ಇರುತ್ತೆ ಅಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿರೋದೇ ಕೊನೆಯದು ಆಗಿರಬಹುದು.