ಕೃಷಿ ಹೊಂಡದ ನೀರು ಮತ್ತು ಹನಿ ನೀರಾವರಿ ಫಿಲ್ಟರ್: ರಾಡಿ ತಡೆಯುವ ಕುರಿತು ರೈತರಿಗೆ ಮಾಹಿತಿ

ವಿಜಯಪುರ ನಗರದ ಸುತ್ತಲಿನ ಗ್ರಾಮಗಳಲ್ಲಿ ಹಾಗೂ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳಲ್ಲಿ ದ್ರಾಕ್ಷಿ, ದಾಳಿಂಬೆ ಮತ್ತು ಲಿಂಬೆ ಬೆಳೆಯುವ ರೈತರಲ್ಲಿ ಅನೇಕರು ಕೃಷಿ ಹೊಂಡದಲ್ಲಿ ನೀರು ಸಂಗ್ರಹಿಸಿ, ಅದನ್ನು ಹನಿ ನೀರಾವರಿ ಮೂಲಕ ಬೆಳೆಗೆ ಒದಗಿಸುತ್ತಿದ್ದಾರೆ. ರಾಜ್ಯ ಸರ್ಕಾರವು 2014-15ನೇ ಸಾಲಿನಲ್ಲಿ ಕೃಷಿ ಭಾಗ್ಯ ಯೋಜನೆಯನ್ನು ಜಾರಿಗೆ ತಂದ ನಂತರ ಇಂತಹ ಹೊಂಡಗಳು ಈ ಭಾಗದಲ್ಲಿ ಸಾಮಾನ್ಯವಾಗಿವೆ. ಮಳೆಯ ನೀರಲ್ಲದೆ ಕೊಳವೆಬಾವಿಯ ನೀರು, ಏತ ನೀರಾವರಿ ಕಾಲುವೆಯ ಮೂಲಕ ಬರುವ ಕೃಷ್ಣಾ ನದಿಯ ನೀರು, ಬರಗಾಲದ ವರ್ಷಗಳಲ್ಲಿ ಟ್ಯಾಂಕರ್ ನೀರು ಇವೆಲ್ಲವೂ ಅದೇ ಹೊಂಡವನ್ನು ಸೇರುತ್ತವೆ.

ಫಿಲ್ಟರ್ ಅಳವಡಿಸಿದ್ದಾಗ್ಯೂ ಡ್ರಿಪ್ಪರ್‌ಗಳು ಕಟ್ಟಿಕೊಳ್ಳುತ್ತಿವೆ ಎಂಬುದು ರೈತರಿಂದ ಪದೇ ಪದೇ ಕೇಳಿಬರುವ ದೂರು. ದೂರು ಸುಳ್ಳಲ್ಲ. ಆದರೆ ಕಾರಣವನ್ನು ಹುಡುಕಬೇಕಾದುದು ಬಹುಮಟ್ಟಿಗೆ ಫಿಲ್ಟರಿನಲ್ಲಲ್ಲ, ಅದಕ್ಕಿಂತ ಹಿಂದೆ ಇರುವ ಹೊಂಡದಲ್ಲಿ. ಸಹಾಯಧನಕ್ಕೆ ಅರ್ಜಿ ಸಲ್ಲಿಸುವ ಮುನ್ನವೇ ಈ ವಿಷಯ ತಿಳಿದಿದ್ದಲ್ಲಿ ಮುಂದಿನ ಬಹಳಷ್ಟು ಖರ್ಚು ತಪ್ಪುತ್ತದೆ.

ಫಿಲ್ಟರ್ ತಡೆಯುವುದೆಷ್ಟು?

ಹನಿ ನೀರಾವರಿಯಲ್ಲಿ ಸಾಮಾನ್ಯವಾಗಿ ಬಳಸುವ 120 ಮೆಶ್ ಜಾಲರಿಯ ರಂಧ್ರವು ಸುಮಾರು 130 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. ಮರಳು, ಎಲೆಯ ಚೂರು, ಹುಳು, ಪಾಚಿಯ ಎಳೆ ಇವು ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ರೇವೆಯ ಕಣಗಳು 50 ಮೈಕ್ರಾನ್‌ಗಿಂತ ಚಿಕ್ಕವು. ಜೇಡಿಯ ಕಣಗಳು 2 ಮೈಕ್ರಾನ್‌ಗಿಂತಲೂ ಚಿಕ್ಕವು. ಇವೆರಡೂ ಜಾಲರಿಯನ್ನು ನಿರಾತಂಕವಾಗಿ ದಾಟಿ ಹೋಗುತ್ತವೆ. ಈ ಜಿಲ್ಲೆಯ ಕಪ್ಪು ಎರೆ ಭೂಮಿಯಲ್ಲಿ ಜೇಡಿಯ ಪಾಲೇ ಅಧಿಕವಾಗಿರುವುದರಿಂದ ಹೊಂಡಕ್ಕೆ ಹರಿದು ಬರುವ ನೀರಿನಲ್ಲಿ ಇದೇ ಹೆಚ್ಚು.

ಜಾಲರಿಯನ್ನು ದಾಟಿದ ಕಣವು ಡ್ರಿಪ್ಪರಿನ ದಾರಿಯನ್ನೂ ದಾಟಬಲ್ಲದು. ಒಂಟಿ ಕಣದಿಂದ ತೊಂದರೆಯಿಲ್ಲ. ಆದರೆ ಲ್ಯಾಟರಲ್ ಪೈಪಿನ ತುದಿಯಲ್ಲಿ ನೀರಿನ ವೇಗ ಕಡಿಮೆಯಾಗಿ ಕಣಗಳು ತಳದಲ್ಲಿ ಕೂರುತ್ತವೆ. ಪಾಚಿ ಮತ್ತು ಸೂಕ್ಷ್ಮಜೀವಿಗಳ ಲೋಳೆ ಅವನ್ನು ಒಂದಕ್ಕೊಂದು ಅಂಟಿಸುತ್ತದೆ. ಹೀಗೆ ಉಂಟಾದ ಅಂಟು ಕೆಸರೇ ಡ್ರಿಪ್ಪರನ್ನು ಮುಚ್ಚುವುದು. ಆದುದರಿಂದಲೇ ಸಾಲಿನ ಕೊನೆಯ ಗಿಡಗಳು ಮೊದಲು ಬಾಡುತ್ತವೆ.

ಲೆಕ್ಕದಲ್ಲಿ ನೋಡುವುದಾದರೆ, ಒಂದು ಲೀಟರ್ ನೀರಿನಲ್ಲಿ ಕೇವಲ 200 ಮಿಲಿಗ್ರಾಂ ನುಣುಪು ಮಣ್ಣು ಇದೆ ಎಂದು ಭಾವಿಸೋಣ. ದಿನಕ್ಕೆ 20,000 ಲೀಟರ್ ನೀರು ಹಾಯಿಸಿದಲ್ಲಿ 4 ಕಿಲೋಗ್ರಾಂ ಮಣ್ಣು ಪೈಪುಗಳೊಳಗೆ ಹೋಗುತ್ತದೆ. ತಿಂಗಳಿಗೆ ಇದು 120 ಕಿಲೋಗ್ರಾಂ. ಇದೆಲ್ಲವೂ ಪೈಪಿನಲ್ಲಿಯೇ ನಿಲ್ಲುವುದಿಲ್ಲ. ಅಲ್ಪ ಭಾಗ ನಿಂತರೂ ಸಾಕು.

ಕಾಲಾವಕಾಶವೇ ಅಗ್ಗದ ಫಿಲ್ಟರ್

ನಿಶ್ಚಲವಾದ ನೀರಿನಲ್ಲಿ 100 ಮೈಕ್ರಾನ್ ಗಾತ್ರದ ಮರಳಿನ ಕಣವು ಒಂದು ಮೀಟರ್ ಆಳಕ್ಕೆ ಇಳಿಯಲು ಸುಮಾರು 2 ನಿಮಿಷ ಸಾಕು. 10 ಮೈಕ್ರಾನ್ ರೇವೆಗೆ ಸುಮಾರು 3 ಗಂಟೆ ಬೇಕು. 2 ಮೈಕ್ರಾನ್ ಜೇಡಿಗೆ 3 ದಿನಗಳಿಗೂ ಹೆಚ್ಚು ಬೇಕಾಗುತ್ತದೆ. ಹಣ ಕೊಟ್ಟು ತಂದ ಜಾಲರಿಯು ಮಾಡಲಾರದ ಕೆಲಸವನ್ನು ಮೂರು ನಾಲ್ಕು ದಿನಗಳ ನಿಲುಗಡೆಯು ಖರ್ಚಿಲ್ಲದೆ ಮಾಡುತ್ತದೆ.

ಈ ತತ್ವವು ವಿಜಯಪುರಕ್ಕೆ ಹೊಸತಲ್ಲ. ಮೊಹಮ್ಮದ್ ಆದಿಲ್‌ಶಹನು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್‌ನಿಂದ ನಗರಕ್ಕೆ ಮಣ್ಣಿನ ಕೊಳವೆಗಳ ಮೂಲಕ ನೀರು ಹರಿಸಲಾಗುತ್ತಿತ್ತು. ಆ ಮಾರ್ಗದಲ್ಲಿ 25ರಿಂದ 40 ಅಡಿ ಎತ್ತರದ ನೀರಿನ ಗೋಪುರಗಳನ್ನು ನಿರ್ಮಿಸಲಾಗಿತ್ತು. ಕೊಳವೆಗಳು ಒಡೆಯದಂತೆ ಒತ್ತಡ ತಗ್ಗಿಸುವುದು ಅವುಗಳ ಒಂದು ಉದ್ದೇಶವಾದರೆ, ನೀರಿನಲ್ಲಿನ ಕಸ ಮತ್ತು ಹೂಳು ತಳದಲ್ಲಿ ಉಳಿದು ತಿಳಿನೀರು ಮಾತ್ರ ಮುಂದೆ ಸಾಗುವಂತೆ ಮಾಡುವುದು ಇನ್ನೊಂದು. ಇಂದಿನ ಹೊಂಡದಲ್ಲಿಯೂ ಮಾಡಬೇಕಾದುದು ಇಷ್ಟೇ: ಹೂಳು ಕೆಳಗೆ ಉಳಿಯಬೇಕು, ನೀರನ್ನು ಮೇಲಿನಿಂದ ತೆಗೆದುಕೊಳ್ಳಬೇಕು.

ಹೊಂಡಕ್ಕೆ ನೀರು ಬರುವ ಕಡೆ

ನೀರು ನೇರವಾಗಿ ಹೊಂಡಕ್ಕೆ ಧುಮುಕದಂತೆ ಮೊದಲು ಒಂದು ಹೂಳುಗುಂಡಿಯನ್ನು ನಿರ್ಮಿಸತಕ್ಕದ್ದು. 2 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿಯಲ್ಲಿ 4,000 ಲೀಟರ್ ನೀರು ಹಿಡಿಯುತ್ತದೆ. ಸೆಕೆಂಡಿಗೆ 5 ಲೀಟರ್ ಹರಿವಿದ್ದಲ್ಲಿ ನೀರು ಅದರಲ್ಲಿ ಸುಮಾರು 13 ನಿಮಿಷ ನಿಲ್ಲುತ್ತದೆ. ಮರಳು ಮತ್ತು ದಪ್ಪ ರೇವೆ ಅಷ್ಟರಲ್ಲಿ ಕೆಳಗೆ ಕೂರುತ್ತವೆ. ಜೇಡಿ ಕೂರುವುದಿಲ್ಲ, ಅದಕ್ಕೆ ಹೊಂಡದಲ್ಲಿಯೇ ಸಮಯ ಕೊಡಬೇಕು. ಗುಂಡಿಯ ಹೂಳನ್ನು ಪ್ರತಿ ದೊಡ್ಡ ಮಳೆಯ ನಂತರ ತೆಗೆಯದಿದ್ದಲ್ಲಿ ಗುಂಡಿ ಇದ್ದೂ ಪ್ರಯೋಜನವಿಲ್ಲ.

ಕಾಲುವೆಯ ನೀರು ಪಡೆಯುವವರು ಒಂದು ಅಂಶವನ್ನು ಗಮನಿಸಬೇಕು. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳ ಮೂಲಕ ಬರುವ ನೀರಿನ ಮೂಲ ಕೃಷ್ಣಾ ನದಿ. ಮಳೆಗಾಲದ ಹೊಸನೀರು ಕೆಂಪು ರಾಡಿಯಿಂದ ಕೂಡಿರುತ್ತದೆ. ಸಾಧ್ಯವಿದ್ದಲ್ಲಿ ಮೊದಲ ಕೆಲವು ದಿನಗಳ ನೀರನ್ನು ಹೊಂಡಕ್ಕೆ ತೆಗೆದುಕೊಳ್ಳದೆ ತಿಳಿಯಾದ ನಂತರ ತುಂಬಿಸುವುದು ಒಳಿತು. ನೀರು ಬಂದಾಗಲೇ ತುಂಬಿಸಿಕೊಳ್ಳಬೇಕಾದ ರೈತರ ಅನಿವಾರ್ಯತೆಯೂ ಅರ್ಥವಾಗುವಂಥದ್ದೇ. ಅಂತಹವರು ತುಂಬಿಸಿದ ದಿನವೇ ಪಂಪ್ ಆರಂಭಿಸದೆ, ಒಂದು ಗಾಜಿನ ಬಾಟಲಿಯಲ್ಲಿ ಹೊಂಡದ ನೀರನ್ನು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟು ನೋಡುವುದು. ಬೆಳಿಗ್ಗೆ ತಳದಲ್ಲಿ ಪದರ ಕಟ್ಟಿ ಮೇಲಿನ ನೀರು ತಿಳಿಯಾಗಿದ್ದರೆ ಅದು ರೇವೆ. ಆಗಲೂ ಮಬ್ಬಾಗಿಯೇ ಇದ್ದರೆ ಜೇಡಿ ಇದೆ ಎಂದರ್ಥ, ಇನ್ನೂ ಎರಡು ಮೂರು ದಿನ ಕಾಯುವುದು ಲೇಸು.

ಟ್ಯಾಂಕರ್ ನೀರನ್ನು ಹೊಂಡಕ್ಕೆ ಬಿಡುವಾಗ ನೀರಿನ ಧಾರೆಯು ತಳದಲ್ಲಿ ಕೂತ ಹೂಳನ್ನೆಲ್ಲ ಮತ್ತೆ ಎಬ್ಬಿಸುತ್ತದೆ. ಧಾರೆ ಬೀಳುವ ಕಡೆ ಹೊದಿಕೆಯ ಮೇಲೆ ಮಡಚಿದ ಗೋಣಿಚೀಲಗಳನ್ನು ಹಾಸಿ, ನೀರು ಅಂಚಿನಿಂದ ಜಾರಿ ಇಳಿಯುವಂತೆ ಮಾಡಿದಲ್ಲಿ ಹೂಳೂ ಏಳುವುದಿಲ್ಲ, ಹೊದಿಕೆಯೂ ಹರಿಯುವುದಿಲ್ಲ.

ನೀರನ್ನು ಎತ್ತುವ ಕಡೆ

ಫುಟ್ ವಾಲ್ವನ್ನು ಹೊಂಡದ ತಳಕ್ಕೆ ಬಿಡುವ ರೂಢಿಯು ಎಲ್ಲ ತೊಂದರೆಗಳ ಮೂಲವೆಂದರೆ ತಪ್ಪಾಗಲಾರದು. ಕಷ್ಟಪಟ್ಟು ಕೂರಿಸಿದ ಹೂಳನ್ನು ಪಂಪ್ ಮೊದಲು ಎಳೆದುಕೊಳ್ಳುವುದು ಅಲ್ಲಿಂದಲೇ. ಬಿಗಿಯಾಗಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನ್‌ಗಳನ್ನು ಹಗ್ಗದಿಂದ ಕಟ್ಟಿ, ಫುಟ್ ವಾಲ್ವ್ ನೀರಿನ ಮೇಲ್ಮಟ್ಟದಿಂದ ಒಂದೂವರೆಯಿಂದ ಎರಡು ಅಡಿ ಕೆಳಗೆ ತೂಗಾಡುವಂತೆ ಮಾಡಬಹುದು. ಇದಕ್ಕಿಂತ ಮೇಲೆ ಬಂದಲ್ಲಿ ತೇಲುವ ಪಾಚಿ ಮತ್ತು ಗಾಳಿ ಒಳಸೇರುತ್ತವೆ. ನೀರು ಇಳಿದಂತೆ ಕ್ಯಾನ್‌ಗಳೂ ಇಳಿಯುತ್ತವೆ. ಎಳೆಯುವ ಪೈಪಿನ ಆ ಭಾಗ ಮಾತ್ರ ಬಾಗುವಂತಿರಬೇಕು. ತಳದ ಒಂದು ಅಡಿ ನೀರನ್ನು ಹನಿ ನೀರಾವರಿಗೆ ಬಳಸದಿರುವುದು ಸೂಕ್ತ.

ಬೇಸಿಗೆಯಲ್ಲಿ ಹೊಂಡ ಬತ್ತುತ್ತ ಬಂದಾಗ ಈ ನಿಯಮವನ್ನು ಪಾಲಿಸುವುದು ಕಷ್ಟ. ಆದರೆ ಅದೇ ಸಮಯ ಮುಖ್ಯವಾದುದು. ಏಪ್ರಿಲ್ ಚಾಟ್ನಿಯ ನಂತರ ಬರುವ ಚಿಗುರೇ ಬಲಿತು ಕಡ್ಡಿಯಾಗಿ, ಅಕ್ಟೋಬರ್ ಚಾಟ್ನಿಯ ನಂತರ ಗೊನೆ ಬಿಡುವುದು ಆ ಕಡ್ಡಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಪಡದ ಅರ್ಧ ಸಾಲಿಗೆ ನೀರು ತಲುಪದಿದ್ದಲ್ಲಿ ಅದರ ಪರಿಣಾಮವು ಫೆಬ್ರುವರಿಯ ಕಟಾವಿನಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಡ್ರಿಪ್ಪರ್ ತೊಳೆದು ಫಲವಿಲ್ಲ.

ಪಾಚಿಗೆ ಬಿಸಿಲು ಬೇಕು. ಹೊಂಡದ ಮೇಲೆ ನೆರಳು ಪರದೆ ಹೊದಿಸಿದಲ್ಲಿ ಪಾಚಿ ಕಡಿಮೆಯಾಗುವುದಲ್ಲದೆ ಆವಿಯಾಗಿ ಹೋಗುವ ನೀರೂ ಉಳಿಯುತ್ತದೆ. ಬೇವು, ಜಾಲಿ ಮರಗಳು ಹೊಂಡಕ್ಕೆ ಬಾಗಿರದಂತೆ ನೋಡಿಕೊಳ್ಳುವುದು. ಹೊಂಡವನ್ನು ಈಜುಕೊಳದಂತೆ ಬಳಸಲೇಕೂಡದು. ನೀರು ಕದಡುವುದು ಸಣ್ಣ ಮಾತು. ಹೊದಿಕೆಯ ಇಳಿಜಾರು ಒದ್ದೆಯಾದಾಗ ಈಜು ಬಲ್ಲವರೂ ಹತ್ತಿ ಬರಲಾಗದಷ್ಟು ಜಾರುತ್ತದೆ. ಸುತ್ತಲೂ ತಂತಿಬೇಲಿ, ಅಂಚಿನಿಂದ ನೀರಿನವರೆಗೆ ಗಂಟು ಹಾಕಿದ ಹಗ್ಗ ಕಡ್ಡಾಯವಾಗಿ ಇರಬೇಕು.

ಫಿಲ್ಟರಿನ ಆಯ್ಕೆ ಮತ್ತು ನಿರ್ವಹಣೆ

ಹೊಂಡದ ನೀರಿಗೆ ಮರಳು ಫಿಲ್ಟರ್ ಮತ್ತು ಅದರ ಮುಂದೆ ಜಾಲರಿ ಅಥವಾ ಡಿಸ್ಕ್ ಫಿಲ್ಟರ್ ಎರಡೂ ಅಗತ್ಯ. ಹೈಡ್ರೋಸೈಕ್ಲೋನ್ ಕೊಳವೆಬಾವಿಯ ಮರಳಿಗೆ ಉಪಯುಕ್ತ. ಪಾಚಿ ಮತ್ತು ಜೇಡಿಯನ್ನು ಅದು ಬೇರ್ಪಡಿಸಲಾರದು. ಹೊಂಡದ ನೀರಿಗಷ್ಟೇ ಅದನ್ನು ಕೊಳ್ಳುವುದು ವ್ಯರ್ಥ ವೆಚ್ಚ. ಗೊಬ್ಬರ ಕೊಡುವ ವೆಂಚುರಿಯು ಮರಳು ಫಿಲ್ಟರಿನ ನಂತರ, ಜಾಲರಿ ಫಿಲ್ಟರಿಗಿಂತ ಮೊದಲು ಇರಬೇಕು. ಕರಗದೆ ಉಳಿದ ಗೊಬ್ಬರವನ್ನು ತಡೆಯಲು ಬೇರೆ ದಾರಿಯಿಲ್ಲ.

ಫಿಲ್ಟರಿನ ಮುಂದೆ ಮತ್ತು ಹಿಂದೆ ಎರಡು ಪ್ರೆಶರ್ ಗೇಜ್‌ಗಳಿರುತ್ತವೆ. ತೊಳೆದ ದಿನ ಎರಡರ ನಡುವಿನ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳುವುದು. ಮರಳು ಫಿಲ್ಟರಿನಲ್ಲಿ ವ್ಯತ್ಯಾಸವು ಚದರ ಸೆಂಟಿಮೀಟರಿಗೆ 0.5 ಕಿಲೋಗ್ರಾಂ ಸಮೀಪಿಸಿದಾಗ ಬ್ಯಾಕ್‌ವಾಶ್ ಮಾಡತಕ್ಕದ್ದು; ಹೊರಬರುವ ನೀರು ತಿಳಿಯಾಗುವವರೆಗೆ ನಿಲ್ಲಿಸಬಾರದು. ವ್ಯತ್ಯಾಸವು ಇದ್ದಕ್ಕಿದ್ದಂತೆ ಶೂನ್ಯವಾದರೆ ಸಂತೋಷಪಡುವಂತಿಲ್ಲ. ಜಾಲರಿ ಹರಿದಿರಬಹುದು ಅಥವಾ ರಬ್ಬರ್ ಸೀಲ್ ಜಾರಿರಬಹುದು. ಜಾಲರಿಯನ್ನು ತಂತಿಯ ಬ್ರಷ್‌ನಿಂದ ಉಜ್ಜಬಾರದು. ಲ್ಯಾಟರಲ್‌ಗಳ ತುದಿಯ ಎಂಡ್ ಕ್ಯಾಪ್‌ಗಳನ್ನು ವಾರಕ್ಕೊಮ್ಮೆ ಕೆಲವು ಸಾಲುಗಳಂತೆ ತೆರೆದು ರಾಡಿಯನ್ನು ಹೊರಬಿಡಬೇಕು.

ಸುಣ್ಣದಂಶ ಗಟ್ಟಿಯಾಗಿ ಕಟ್ಟಿದಲ್ಲಿ ಆಮ್ಲ, ಪಾಚಿಯ ಲೋಳೆಗೆ ಕ್ಲೋರಿನ್ ಬಳಕೆಯಲ್ಲಿದೆ. ಇವೆರಡನ್ನೂ ಒಟ್ಟಿಗೆ ಬಳಸಿದಲ್ಲಿ ವಿಷಾನಿಲ ಉಂಟಾಗಿ ಪ್ರಾಣಾಪಾಯವಿದೆ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕತಕ್ಕದ್ದಲ್ಲ. ಪ್ರಮಾಣವನ್ನು ನೀರಿನ ಪರೀಕ್ಷೆಯ ನಂತರ ತಜ್ಞರಿಂದಲೇ ತಿಳಿಯಬೇಕು.

ಅರ್ಜಿದಾರರ ಗಮನಕ್ಕೆ

ಪ್ರತಿ ಹನಿಗೆ ಹೆಚ್ಚು ಬೆಳೆ ಎಂಬ ಸೂಕ್ಷ್ಮ ನೀರಾವರಿ ಕಾರ್ಯಕ್ರಮವು 2015-16ರಲ್ಲಿ ಆರಂಭವಾಗಿ, 2022-23ರಿಂದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ ಅನುಷ್ಠಾನಗೊಳ್ಳುತ್ತಿದೆ. ಒಮ್ಮೆ ಸಹಾಯಧನ ಪಡೆದ ಜಮೀನಿಗೆ 7 ವರ್ಷಗಳ ಅವಧಿ ಮುಗಿಯದೆ ಮತ್ತೆ ಸಹಾಯಧನ ದೊರೆಯುವುದಿಲ್ಲ. ಎರಡೇ ವರ್ಷಗಳಲ್ಲಿ ಡ್ರಿಪ್ಪರ್‌ಗಳು ಕಟ್ಟಿದಲ್ಲಿ ಉಳಿದ ಐದು ವರ್ಷಗಳ ಭಾರ ರೈತರದ್ದೇ. ತೋಟಗಾರಿಕೆ ಬೆಳೆಗಳಿಗೆ ತೋಟಗಾರಿಕೆ ಇಲಾಖೆಯಲ್ಲಿ, ಇತರ ಕೃಷಿ ಬೆಳೆಗಳಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಫ್ರೂಟ್ಸ್ ಗುರುತಿನ ಸಂಖ್ಯೆಯೊಂದಿಗೆ ವಿಚಾರಿಸುವುದು. ಆ ಸಾಲಿನ ಸಹಾಯಧನದ ಪ್ರಮಾಣವನ್ನು ಅಲ್ಲಿಯೇ ತಿಳಿಸಲಾಗುತ್ತದೆ.

ನೀರಿನ ಮೂಲ ಕೃಷಿ ಹೊಂಡವೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಕೇವಲ ಕೊಳವೆಬಾವಿ ಎಂದು ಬರೆದಲ್ಲಿ ವಿನ್ಯಾಸದಲ್ಲಿ ಮರಳು ಫಿಲ್ಟರ್ ಸೇರದೇ ಹೋಗುವ ಸಾಧ್ಯತೆ ಇರುತ್ತದೆ. ಅಳವಡಿಕೆ ಪೂರ್ಣಗೊಂಡಿದೆ ಎಂದು ಸಹಿ ಹಾಕುವ ಮೊದಲು ಬಿಲ್ಲಿನಲ್ಲಿರುವ ಫಿಲ್ಟರ್ ಜಮೀನಿನಲ್ಲಿಯೂ ಇದೆಯೇ, ಎರಡೂ ಗೇಜ್‌ಗಳು ಕೆಲಸ ಮಾಡುತ್ತಿವೆಯೇ, ಭಾರತೀಯ ಮಾನಕ ಬ್ಯೂರೋದ ಗುರುತಿದೆಯೇ ಎಂದು ನೋಡಿಕೊಳ್ಳುವುದು. ಜಾಲರಿ ಫಿಲ್ಟರಿಗೆ ಐಎಸ್ 12785, ಮರಳು ಫಿಲ್ಟರಿಗೆ ಐಎಸ್ 14606 ಮಾನಕಗಳು ಅನ್ವಯಿಸುತ್ತವೆ.

ಪರೀಕ್ಷೆಗಾಗಿ ನೀರಿನ ಮಾದರಿಯನ್ನು ಹೊಂಡದ ಅಂಚಿನಿಂದ ತುಂಬಬಾರದು. ಪಂಪನ್ನು ಹತ್ತು ನಿಮಿಷ ನಡೆಸಿದ ನಂತರ, ಫಿಲ್ಟರಿಗಿಂತ ಮೊದಲಿನ ಪೈಪಿನಿಂದ, ಅದೇ ನೀರಿನಲ್ಲಿ ಎರಡು ಬಾರಿ ತೊಳೆದ ಒಂದು ಲೀಟರ್ ಬಾಟಲಿಗೆ ತುಂಬಿ, ಗ್ರಾಮದ ಹೆಸರು, ಸರ್ವೆ ನಂಬರ್ ಮತ್ತು ದಿನಾಂಕದ ಚೀಟಿ ಅಂಟಿಸಿ ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸತಕ್ಕದ್ದು.