ದೋಟಿಯೊಳಗಿನ ಅಡ್ಡಕಟ್ಟು

ಸಿದ್ದಾಪುರದ ಹೇರೂರು ಸೀಮೆಯಲ್ಲಿ ಅಡಿಕೆಯ ಮರವೇರುವುದು ಒಂದು ವಿದ್ಯೆ. ಕಾಲಿಗೆ ತಳೆ ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ, 50-60 ಅಡಿಗಳೆತ್ತರದ ನುಣುಪಾದ ಮರವನ್ನೇರಿ, ಮೇಲಿನಿಂದಲೇ ಮರದಿಂದ ಮರಕ್ಕೆ ದಾಟಬಲ್ಲ ಕೊನೆಗೌಡನನ್ನು ನಂಬಿಯೇ ತೋಟಿಗರ ಬದುಕು ನಡೆದುಬಂದಿದೆ. ಆದರೆ ಆ ವಿದ್ಯೆಯನ್ನು ಬಲ್ಲವರು ಇಂದು ವಿರಳ. ಮಳೆಗಾಲದ ಕೊಳೆರೋಗವಾದರೋ ಆಳು ಸಿಕ್ಕುವ ತನಕ ಕಾಯುವುದಿಲ್ಲ.

ಈ ಸಂಕಟದಲ್ಲಿಯೇ ಕಪ್ಪು ಬಣ್ಣದ ಹೊಸ ದೋಟಿಯೊಂದು ಅಡಿಕೆಯ ಸೀಮೆಗೆ ಕಾಲಿಟ್ಟಿತು. ಒಂದರೊಳಗೊಂದು ಸೇರುವ ಕೊಳವೆಗಳನ್ನು ಎಳೆದು ನೀಳಮಾಡಿದರೆ ಅದು ಮರದ ತುದಿಯನ್ನು ಮುಟ್ಟುತ್ತದೆ. ನೆಲದಲ್ಲಿ ನಿಂತವನೇ ಬೋರ್ಡೋ ದ್ರಾವಣವನ್ನು ಸಿಂಪಡಿಸಬಹುದು, ಕೊನೆಯನ್ನು ಕೊಯ್ಯಬಹುದು. ಅಷ್ಟುದ್ದದ ಬಿದಿರು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗದು. ಕೆಲವೇ ಕಿಲೋ ತೂಗುವ ಈ ಕಾರ್ಬನ್ ಫೈಬರಿನ ದೋಟಿಗೆ ಇಂಥ ಬಲವೆಲ್ಲಿಂದ ಬಂದಿತು?

ಮಲೆನಾಡಿನ ಹಳ್ಳದ ಮೇಲಿನ ಕಾಲುಸಂಕವನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಅಕ್ಕಪಕ್ಕದಲ್ಲಿ ಸುಮ್ಮನೆ ಇಟ್ಟ ಎರಡು ಅಡಿಕೆಯ ಮರಗಳು ಕಾಲಿಟ್ಟಾಗ ಬೇರೆ ಬೇರೆಯಾಗಿ ಕುಸಿಯುತ್ತವೆ. ಅಡ್ಡಲಾಗಿ ದಬ್ಬೆಯಿಟ್ಟು ಬಿಗಿದರೆ ಅವು ಒಂದಾಗಿ ಭಾರ ಹೊರುತ್ತವೆ. ನೂಲಿನ ಒಳಗಿನ ಕಥೆಯೂ ಇದೇ. ಪಾಲಿಮರ್ ಎಂದರೆ ಅಣುಗಳ ನೀಳವಾದ ಸರಪಳಿ. ಸರಪಳಿಗಳನ್ನು ಒಂದೇ ದಿಕ್ಕಿಗೆ ಎಳೆದು ಜೋಡಿಸಿದರೆ ನೂಲು ಬಲಗೊಳ್ಳುತ್ತದೆ. ಆದರೆ ಪಕ್ಕದ ಸರಪಳಿಗೂ ಇದಕ್ಕೂ ಇರುವ ನಂಟು ಸಡಿಲವಾದದ್ದು. 1965ರಲ್ಲಿ ಅಮೆರಿಕದ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನಶಾಸ್ತ್ರಜ್ಞೆಯ ಸಂಶೋಧನೆಯಿಂದ ಹುಟ್ಟಿದ ಕೆವ್ಲಾರ್ ನೂಲು ಎಳೆದರೆ ಉಕ್ಕನ್ನು ನಾಚಿಸುತ್ತದೆ. ಅದುಮಿದರೆ ಮಾತ್ರ ಒಳಗೇ ಮುದುಡುತ್ತದೆ. ದೋಟಿ ಬಾಗುವಾಗ ಅದರ ಒಂದು ಮಗ್ಗುಲು ಹಿಗ್ಗಿದರೆ ಇನ್ನೊಂದು ಅದುಮಲ್ಪಡುತ್ತದೆ. ಆದುದರಿಂದಲೇ ಸರಪಳಿಗಳ ನಡುವೆ ರಾಸಾಯನಿಕವಾದ ಅಡ್ಡಕಟ್ಟು ಹಾಕುವ ಯತ್ನಗಳು ನಡೆದವು. ಅಲ್ಲಿಯೂ ಹದ ಬೇಕು: ಅಡ್ಡಕಟ್ಟು ಅತಿಯಾದರೆ ನೂಲು ಪೆಡಸಾಗಿ ಮುರಿಯುತ್ತದೆ.

ದೋಟಿಯ ನೂಲಿನ ಮೂಲವಸ್ತು ಪಾಲಿಅಕ್ರಿಲೋನೈಟ್ರೈಲ್. ಚಳಿಗಾಲದ ಅಕ್ರಿಲಿಕ್ ಸ್ವೆಟರಿನ ಉಣ್ಣೆಗೆ ಹತ್ತಿರದ ಬಂಧು. ಅದರಿಂದ ಕಾರ್ಬನ್ ನೂಲನ್ನು ತೆಗೆಯುವ ದಾರಿಯನ್ನು 1959ರ ಸುಮಾರಿಗೆ ಜಪಾನಿನ ಅಕಿಯೋ ಶಿಂಡೋ ತೋರಿದರು. ಬಿಳಿಯ ನೂಲನ್ನು ಬಿಗಿಯಾಗಿ ಎಳೆದು ಹಿಡಿದು, ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಮೆಲ್ಲಮೆಲ್ಲನೆ ಕಾಯಿಸುತ್ತಾರೆ. ಆಗ ಸರಪಳಿಯ ಪಕ್ಕದ ಕೊಂಡಿಗಳು ಬಿಚ್ಚಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸರಪಳಿ ಏಣಿಯಾಗುತ್ತದೆ, ಏಣಿಗೂ ಏಣಿಗೂ ಬೆಸುಗೆ ಬೀಳುತ್ತದೆ. ನೂಲು ಹಳದಿಗೆ, ಕಂದಿಗೆ, ಕಡೆಗೆ ಕಪ್ಪಿಗೆ ತಿರುಗುತ್ತದೆ. ಈ ಅಡ್ಡಕಟ್ಟು ಬಿದ್ದ ಮೇಲೆ ಅದು ಕರಗದು. ಈ ಮೊದಲ ಹಂತ ಕೆಟ್ಟರೆ ಮುಂದಿನ ಬೆಂಕಿಯಲ್ಲಿ ನೂಲು ಉಳಿಯುವುದಿಲ್ಲ. ಅನಂತರ ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 1,000 ಡಿಗ್ರಿಯನ್ನು ಮೀರಿ ಕಾಯಿಸಿದಾಗ ಉಳಿದ ಧಾತುಗಳು ಬಹುಮಟ್ಟಿಗೆ ಹೊರಟುಹೋಗಿ, ಇಂಗಾಲದ ಹಾಳೆಗಳು ನೂಲಿನ ಉದ್ದಕ್ಕೂ ಹೆಣೆದುಕೊಳ್ಳುತ್ತವೆ. ತೂಕ ಅರ್ಧದಷ್ಟಾಗುತ್ತದೆ. ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಈ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಅದ್ದಿ ಕೊಳವೆ ಮಾಡುತ್ತಾರೆ. ಆ ಅಂಟು ಗಟ್ಟಿಯಾಗುವುದೂ ಅಡ್ಡಕಟ್ಟಿನಿಂದಲೇ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಗೂ ತೋಟದ ದೋಟಿಗೂ ಹೀಗೆ ಒಂದೇ ಕುಲ.

ಆದರೆ ಬಲವನ್ನು ಕೊಟ್ಟ ಆ ಬೆಂಕಿ ಇನ್ನೊಂದು ಗುಣವನ್ನೂ ಕೊಟ್ಟಿದೆ. ಸ್ವೆಟರಿನ ನೂಲಿನಲ್ಲಿ ವಿದ್ಯುತ್ತು ಹರಿಯದು. ಇಂಗಾಲದ ಹಾಳೆಗಳಲ್ಲಿ ಸಲೀಸಾಗಿ ಹರಿಯುತ್ತದೆ. ಲೋಹದ ದೋಟಿ ವಿದ್ಯುತ್ ತಂತಿಗೆ ತಗಲಿ ಜೀವ ಹೋದ ಸುದ್ದಿ ಅಡಿಕೆಯ ಸೀಮೆಗೆ ಹೊಸದಲ್ಲ. "ಇದು ಲೋಹವಲ್ಲ, ಫೈಬರು, ಭಯವಿಲ್ಲ" ಎಂದು ಭಾವಿಸುವುದೇ ದೊಡ್ಡ ಅಪಾಯ. ಹಿಡಿಯುವ ಭಾಗವನ್ನು ಗಾಜಿನ ನೂಲಿನಿಂದ ಮಾಡಿದ ದೋಟಿಗಳೂ ಉಂಟು. ಗಾಜು ವಿದ್ಯುತ್ತನ್ನು ತಡೆಯುತ್ತದೆ. ಆದರೂ ಮಳೆಯಲ್ಲಿ ನೆನೆದ ದೋಟಿಯನ್ನೂ ದ್ರಾವಣ ತುಂಬಿದ ಕೊಳವೆಯನ್ನೂ ನಂಬಿ ತಂತಿಯ ಹತ್ತಿರಕ್ಕೆ ಹೋಗಲಾಗದು. ತೋಟದ ಮೇಲೆ ತಂತಿ ಹಾದಿದ್ದರೆ ವಿದ್ಯುತ್ತನ್ನು ನಿಲ್ಲಿಸಿದುದು ಖಚಿತವಾಗದೆ ದೋಟಿಯನ್ನು ಎತ್ತಲೇಬಾರದು.

ಮರವೇರುವ ಮುನ್ನ ಕೊನೆಗೌಡ ಮರವನ್ನೊಮ್ಮೆ ತಟ್ಟಿ, ತಲೆಯೆತ್ತಿ ನೋಡುತ್ತಿದ್ದ. ಮರವೇರುವ ಕಷ್ಟ ತಪ್ಪಿದರೂ ತಲೆಯೆತ್ತಿ ನೋಡುವ ಆ ಎಚ್ಚರ ತಪ್ಪಬಾರದು.